ಗ್ರಾಫಿಕ್ಸ್ ಕಾರ್ಡ್‌ಗಳ ಪೈಪೋಟಿ ಮತ್ತು ಬಿಡುಗಡೆಪೂರ್ವ ವದಂತಿಗಳು

ಗ್ರಾಫಿಕ್ಸ್ ಕಾರ್ಡ್‌ಗಳ ಬಿಡುಗಡೆಪೂರ್ವ ವದಂತಿಗಳು ಎಂದರೆ, ಮಾರುಕಟ್ಟೆಗೆ ಇನ್ನೂ ಬಾರದ ಕಂಪ್ಯೂಟರ್ ಗ್ರಾಫಿಕ್ಸ್ ಕಾರ್ಡ್‌ಗಳ ಸಾಮರ್ಥ್ಯ, ಬೆಲೆ, ಹೆಸರು, ವಿದ್ಯುತ್ ಬಳಕೆ ಹಾಗೂ ಬಿಡುಗಡೆಯ ದಿನಾಂಕಗಳ ಬಗ್ಗೆ ತಯಾರಕರ ಅಧಿಕೃತ ಪ್ರಕಟಣೆಗೆ ಮುನ್ನವೇ ಹರಡುವ ಮಾಹಿತಿ. ಎನ್ವಿಡಿಯಾ, ಎಎಮ್‌ಡಿ ಮತ್ತು 2022ರಿಂದ ಇಂಟೆಲ್ ಸಂಸ್ಥೆಗಳ ನಡುವಿನ ಪೈಪೋಟಿಯೊಂದಿಗೆ ಈ ವದಂತಿಗಳು ಹೆಣೆದುಕೊಂಡಿವೆ. ಇವನ್ನು ಹವ್ಯಾಸಿಗಳ ಹರಟೆ ಎಂದು ತಳ್ಳಿಹಾಕುವುದು ವಾಡಿಕೆ. ಆದರೆ 2008ರಿಂದ ಈಚಿನ ಘಟನೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ, ವದಂತಿಯೂ ಪೈಪೋಟಿಯ ಒಂದು ಸಾಧನವಾಗಿ ಬಳಕೆಯಾಗಿರುವುದು ಕಾಣುತ್ತದೆ. ಎದುರಾಳಿಯ ಬೆಲೆಯನ್ನು ಊಹಿಸಲು, ಗ್ರಾಹಕನನ್ನು ಕಾಯಿಸಲು, ಕೆಲವೊಮ್ಮೆ ಎದುರಾಳಿಯನ್ನು ದಾರಿತಪ್ಪಿಸಲು ಅದು ನೆರವಾಗಿದೆ.

ಹಿನ್ನೆಲೆ

ಪರದೆಯ ಮೇಲೆ ಮೂಡುವ ಚಿತ್ರವನ್ನು ಲೆಕ್ಕ ಹಾಕುವ ಚಿಪ್, ಅದಕ್ಕೆ ಬೇಕಾದ ವೇಗದ ಮೆಮೊರಿ, ವಿದ್ಯುತ್ತನ್ನು ಹದಗೊಳಿಸುವ ಬಿಡಿಭಾಗಗಳು ಮತ್ತು ಶಾಖವನ್ನು ಹೊರಹಾಕುವ ಫ್ಯಾನ್‌ಗಳು ಸೇರಿದ ಫಲಕವೇ ಗ್ರಾಫಿಕ್ಸ್ ಕಾರ್ಡ್. 1990ರ ದಶಕದ ಕೊನೆಯಲ್ಲಿ ಈ ಕ್ಷೇತ್ರದಲ್ಲಿ ಹಲವು ಸಂಸ್ಥೆಗಳಿದ್ದವು. ಅವುಗಳಲ್ಲಿ ಮುಂಚೂಣಿಯಲ್ಲಿದ್ದ ಥ್ರೀಡಿಎಫ್‌ಎಕ್ಸ್ ಸೋತು, 2000ದ ಡಿಸೆಂಬರ್‌ನಲ್ಲಿ ತನ್ನ ಮುಖ್ಯ ಆಸ್ತಿಗಳನ್ನು ಎನ್ವಿಡಿಯಾಕ್ಕೆ ಮಾರಲು ಒಪ್ಪಿತು. ಕೆನಡಾದ ಎಟಿಐ ಸಂಸ್ಥೆಯನ್ನು ಎಎಮ್‌ಡಿ 2006ರಲ್ಲಿ ಸುಮಾರು 540 ಕೋಟಿ ಡಾಲರ್‌ಗೆ ಕೊಂಡಿತು. ಅಲ್ಲಿಂದ ಮುಂದೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಪೈಪೋಟಿ ಎರಡೇ ಹೆಸರುಗಳ ನಡುವೆ ನಡೆಯಿತು: ಎನ್ವಿಡಿಯಾದ ಜೀಫೋರ್ಸ್ ಮತ್ತು ಎಎಮ್‌ಡಿಯ ರೇಡಿಯಾನ್.

ಈ ಎರಡೂ ಸಂಸ್ಥೆಗಳು ಚಿಪ್‌ಗಳನ್ನು ವಿನ್ಯಾಸಗೊಳಿಸುತ್ತವೆಯೇ ಹೊರತು ತಾವೇ ತಯಾರಿಸುವುದಿಲ್ಲ. ಬಹುಪಾಲು ತಲೆಮಾರುಗಳಲ್ಲಿ ಇಬ್ಬರ ಚಿಪ್‌ಗಳೂ ತೈವಾನಿನ ಟಿಎಸ್‌ಎಮ್‌ಸಿಯ ಕಾರ್ಖಾನೆಗಳಲ್ಲೇ ಹುಟ್ಟಿವೆ. ಚಿಪ್ ಸಿದ್ಧವಾದ ಮೇಲೆ ಅದನ್ನು ಫಲಕಕ್ಕೆ ಕೂರಿಸಿ, ಫ್ಯಾನ್ ಜೋಡಿಸಿ, ಪೆಟ್ಟಿಗೆಯಲ್ಲಿಟ್ಟು ಮಾರುವವರು ಅಸೂಸ್, ಎಮ್‌ಎಸ್‌ಐ, ಗಿಗಾಬೈಟ್, ಸಫೈರ್ ಮುಂತಾದ ಪಾಲುದಾರ ಸಂಸ್ಥೆಗಳು. ಹೀಗೆ ಒಂದು ಕಾರ್ಡ್ ಅಂಗಡಿಯನ್ನು ತಲುಪುವ ಹೊತ್ತಿಗೆ ಹಲವು ದೇಶಗಳ ಹಲವು ಸಂಸ್ಥೆಗಳ ಕೈ ದಾಟಿರುತ್ತದೆ. ಇಷ್ಟು ಜನರಿಗೆ ತಿಳಿದ ಗುಟ್ಟು ಗುಟ್ಟಾಗಿ ಉಳಿಯುವುದೇ ವಿಶೇಷ.

ವದಂತಿಗಳಿಗೆ ಎಡೆಯಾಗುವ ಕಾರಣ

ಒಂದು ಹೊಸ ಗ್ರಾಫಿಕ್ಸ್ ಚಿಪ್‌ನ ವಿನ್ಯಾಸಕ್ಕೆ ಸಾಮಾನ್ಯವಾಗಿ ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಬಿಡುಗಡೆಗೆ ಆರು ತಿಂಗಳಿರುವಾಗ ಎದುರಾಳಿಯ ಚಿಪ್ ತನ್ನದಕ್ಕಿಂತ ದೊಡ್ಡದೆಂದು ತಿಳಿದರೂ ಮಾಡಲು ಏನೂ ಇರುವುದಿಲ್ಲ. ಸಿಲಿಕಾನ್ ಆಗಲೇ ಅಚ್ಚಾಗಿರುತ್ತದೆ. ಕೊನೆಯ ಗಳಿಗೆಯಲ್ಲಿ ಬದಲಿಸಬಹುದಾದವು ಕೆಲವೇ ಸಂಗತಿಗಳು: ಕ್ಲಾಕ್ ವೇಗ, ಅದರೊಂದಿಗೆ ಏರಿಳಿಯುವ ವಿದ್ಯುತ್ ಮಿತಿ, ಚಿಪ್‌ನಲ್ಲಿ ಚಾಲೂ ಇಡುವ ಘಟಕಗಳ ಸಂಖ್ಯೆ, ಕಾರ್ಡ್‌ನ ಹೆಸರು, ದಿನಾಂಕ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಬೆಲೆ. ಕೊನೆಯ ವಾರಗಳ ವದಂತಿಗಳು ಹೆಚ್ಚಾಗಿ ಇವುಗಳ ಸುತ್ತಲೇ ಸುತ್ತುವುದು ಆಕಸ್ಮಿಕವಲ್ಲ. ಪೈಪೋಟಿಯ ಫಲಿತಾಂಶ ಆ ಹೊತ್ತಿನಲ್ಲಿ ನಿಂತಿರುವುದೇ ಇವುಗಳ ಮೇಲೆ.

ಬೆಲೆಯ ವದಂತಿಗೆ ಇನ್ನೊಂದು ವಿಚಿತ್ರ ಗುಣವಿದೆ. ಅದು ಹೇಳಿದ ದಿನ ನಿಜವಾಗಿದ್ದರೂ ಬಿಡುಗಡೆಯ ದಿನಕ್ಕೆ ಸುಳ್ಳಾಗಬಹುದು, ಏಕೆಂದರೆ ಅದನ್ನು ಓದಿದ ಎದುರಾಳಿ ತನ್ನ ಬೆಲೆಯನ್ನು ಬದಲಿಸಿರುತ್ತಾನೆ. ಮಳೆಯ ಮುನ್ಸೂಚನೆ ಮೋಡವನ್ನು ಬದಲಿಸುವುದಿಲ್ಲ. ಬೆಲೆಯ ಮುನ್ಸೂಚನೆ ಬೆಲೆಯನ್ನೇ ಬದಲಿಸಬಲ್ಲದು.

ತಯಾರಕರಿಗೆ ವದಂತಿಯಿಂದ ಆಗುವ ಹಾನಿಯೂ ದೊಡ್ಡದು. ಮುಂದಿನ ಮಾದರಿ ಬರುತ್ತಿದೆ ಎಂದು ತಿಳಿದ ಗ್ರಾಹಕ ಈಗಿನದನ್ನು ಕೊಳ್ಳುವುದಿಲ್ಲ. 1983ರಲ್ಲಿ ದಿವಾಳಿಯಾದ ಅಮೆರಿಕದ ಆಸ್ಬೋರ್ನ್ ಕಂಪ್ಯೂಟರ್ ಸಂಸ್ಥೆಯ ಹೆಸರಿನಲ್ಲಿ ಇದನ್ನು ಆಸ್ಬೋರ್ನ್ ಪರಿಣಾಮ ಎಂದು ಕರೆಯುತ್ತಾರೆ. ಆದರೆ ಎದುರಾಳಿಯ ಕಾರ್ಡ್ ಮೊದಲು ಮಾರುಕಟ್ಟೆಗೆ ಬಂದು ತನ್ನದು ತಡವಾದಾಗ ಇದೇ ಪರಿಣಾಮ ಆಯುಧವಾಗುತ್ತದೆ. ಆಗ ತನ್ನ ಮುಂದಿನ ಕಾರ್ಡ್‌ನ ಸುದ್ದಿ ಹರಡುವುದು ಲಾಭದಾಯಕ. ಗ್ರಾಹಕ ಕಾಯುವಷ್ಟು ದಿನ ಎದುರಾಳಿಯ ಮಾರಾಟ ಕುಗ್ಗುತ್ತದೆ.

ಸೋರಿಕೆಯ ದಾರಿಗಳು

ವದಂತಿಗಳೆಲ್ಲ ಒಂದೇ ತೂಕದವಲ್ಲ. ಕೆಲವು ದಾಖಲೆಗಳಿಂದ ಹುಟ್ಟುತ್ತವೆ, ಕೆಲವು ಬಾಯಿಮಾತಿನಿಂದ. ದಾಖಲೆಗಳಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಲಿನಕ್ಸ್ ಡ್ರೈವರ್. ಲಿನಕ್ಸ್‌ಗೆ ಬೇಕಾದ ರೇಡಿಯಾನ್ ಡ್ರೈವರನ್ನು ಎಎಮ್‌ಡಿ ಮುಕ್ತ ತಂತ್ರಾಂಶವಾಗಿ ಪ್ರಕಟಿಸುತ್ತದೆ. ಹೊಸ ಕಾರ್ಡ್ ಅಂಗಡಿಗೆ ಬಂದ ದಿನವೇ ಕೆಲಸ ಮಾಡಬೇಕಾದರೆ ಅದರ ಸಂಕೇತವನ್ನು ತಿಂಗಳುಗಳ ಮುಂಚೆಯೇ ಸೇರಿಸಬೇಕು. ಹೀಗಾಗಿ ಹೆಸರಿಡದ ಚಿಪ್‌ನ ಗುರುತು, ಅದರ ಘಟಕಗಳ ಜೋಡಣೆಯ ವಿವರಗಳು ಎಲ್ಲರ ಕಣ್ಣೆದುರಿಗೇ ಇರುತ್ತವೆ. ಓದಲು ಬಲ್ಲವರು ಬೇಕಷ್ಟೆ.

ಎರಡನೆಯದು ಸರಕಾರಿ ನೋಂದಣಿ. ಪಾಲುದಾರ ಸಂಸ್ಥೆಗಳು ರಷ್ಯಾ ಮತ್ತು ನೆರೆಯ ದೇಶಗಳ ಯುರೇಷಿಯನ್ ಆರ್ಥಿಕ ಆಯೋಗದಲ್ಲಿ ತಮ್ಮ ಮುಂದಿನ ಮಾದರಿಗಳನ್ನು ಸಾಲುಸಾಲಾಗಿ ನೋಂದಾಯಿಸುವುದುಂಟು. ಆದರೆ ಎಂದೂ ಬಾರದ ಮಾದರಿಗಳ ಹೆಸರುಗಳನ್ನೂ ಮುಂಜಾಗ್ರತೆಗಾಗಿ ಸೇರಿಸುವುದರಿಂದ, ಈ ಪಟ್ಟಿಗಳು ಎಷ್ಟು ತಿಳಿಸುತ್ತವೆಯೋ ಅಷ್ಟೇ ದಾರಿ ತಪ್ಪಿಸುತ್ತವೆ. ಸಾಮರ್ಥ್ಯ ಪರೀಕ್ಷೆಯ ತಂತ್ರಾಂಶಗಳ ಸಾರ್ವಜನಿಕ ಕೋಶಗಳಲ್ಲಿ ಎಂಜಿನಿಯರ್‌ಗಳ ಪ್ರಯೋಗಗಳ ಫಲಿತಾಂಶ ಅಚಾತುರ್ಯದಿಂದ ಸೇರಿಬಿಡುವುದು ಮೂರನೆಯ ದಾರಿ.

ಕೆಲಕಾಲ ಈ ಸೋರಿಕೆಗಳ ಒಂದು ಮುಖ್ಯ ಮೂಲ ಭಾರತದಲ್ಲಿತ್ತು. ಎನ್ವಿಡಿಯಾ, ಎಎಮ್‌ಡಿ, ಇಂಟೆಲ್ ಮೂರೂ ಸಂಸ್ಥೆಗಳ ವಿನ್ಯಾಸ ಕೇಂದ್ರಗಳು ಬೆಂಗಳೂರಿನಲ್ಲಿವೆ. ಎಎಮ್‌ಡಿಗೆ ಹೈದರಾಬಾದಿನಲ್ಲೂ ದೊಡ್ಡ ಕೇಂದ್ರವಿದೆ. ಪರೀಕ್ಷೆಗಾಗಿ ಈ ಕೇಂದ್ರಗಳಿಗೆ ಮಾದರಿ ಫಲಕಗಳು ವಿಮಾನದಲ್ಲಿ ಬರುವಾಗ ಕಸ್ಟಮ್ಸ್ ಘೋಷಣೆಯಲ್ಲಿ ವಸ್ತುವಿನ ವಿವರ, ಸಂಖ್ಯೆ, ಮೌಲ್ಯ ಮತ್ತು ಬಂದರಿನ ಹೆಸರನ್ನು ನಮೂದಿಸಬೇಕು. 2010ರ ದಶಕದ ಮಧ್ಯಭಾಗದಲ್ಲಿ ಜೌಬಾ ಎಂಬ ಭಾರತೀಯ ಜಾಲತಾಣ ಇಂಥ ಆಮದು ವಿವರಗಳನ್ನು ಹುಡುಕಲು ಸಿಗುವಂತೆ ಇಟ್ಟಿತ್ತು. ಬೆಂಗಳೂರಿನ ಸರಕು ವಿಭಾಗಕ್ಕೆ ಬಂದ ಒಂದು ಫಲಕದ ಸಂಕೇತಸಂಖ್ಯೆ ಮತ್ತು ರೂಪಾಯಿಗಳಲ್ಲಿದ್ದ ಘೋಷಿತ ಮೌಲ್ಯವನ್ನು ಹಿಡಿದು, ಮುಂದಿನ ಕಾರ್ಡ್ ಯಾವ ಹಂತದಲ್ಲಿದೆ ಎಂದು ಯುರೋಪ್, ಅಮೆರಿಕಗಳ ತಂತ್ರಜ್ಞಾನ ಬರಹಗಾರರು ಲೆಕ್ಕ ಹಾಕುತ್ತಿದ್ದರು. ಮುಂದೆ 2022ರ ಹಣಕಾಸು ಕಾಯ್ದೆಯು ಕಸ್ಟಮ್ಸ್ ಕಾಯ್ದೆಗೆ 135ಎಎ ಕಲಮನ್ನು ಸೇರಿಸಿ, ಆಮದು ರಫ್ತುದಾರರು ಸಲ್ಲಿಸಿದ ಮಾಹಿತಿಯನ್ನು ಅನುಮತಿಯಿಲ್ಲದೆ ಪ್ರಕಟಿಸುವುದನ್ನು ಆರು ತಿಂಗಳವರೆಗಿನ ಸೆರೆವಾಸ ಅಥವಾ ₹50,000ವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧವೆಂದು ಸಾರಿತು. ಆ ಕಾನೂನಿನ ಉದ್ದೇಶ ವ್ಯಾಪಾರಿಗಳ ರಕ್ಷಣೆಯೇ ಹೊರತು ಗ್ರಾಫಿಕ್ಸ್ ಕಾರ್ಡ್‌ಗಳದ್ದಲ್ಲ.

ಇವೆಲ್ಲ ಕಾನೂನಿನ ಒಳಗಿನ ಅಥವಾ ಅಂಚಿನ ದಾರಿಗಳು. 2022ರ ಫೆಬ್ರವರಿಯಲ್ಲಿ ಲ್ಯಾಪ್ಸಸ್ ಎಂಬ ಗುಂಪು ಎನ್ವಿಡಿಯಾದ ಕಂಪ್ಯೂಟರ್ ಜಾಲಕ್ಕೆ ನುಗ್ಗಿ ದತ್ತಾಂಶವನ್ನು ಕದ್ದದ್ದು ಬೇರೆಯೇ ಬಗೆಯದು. ಆ ಕಳವಿನಿಂದ ಮುಂದಿನ ತಲೆಮಾರಿನ ಚಿಪ್‌ಗಳ ರಚನೆಯ ವಿವರಗಳು ತಿಂಗಳುಗಳ ಮೊದಲೇ ಬಯಲಾದವು.

2008–2010: ಕಾಪಾಡಿದ ಗುಟ್ಟು ಮತ್ತು ತೋರಿಸಿದ ಬೊಂಬೆ

ಗುಟ್ಟು ಮತ್ತು ವದಂತಿ ಪೈಪೋಟಿಯ ಮೇಲೆ ಬೀರಬಹುದಾದ ಪ್ರಭಾವವನ್ನು ಈ ಮೂರು ವರ್ಷಗಳಷ್ಟು ಸ್ಪಷ್ಟವಾಗಿ ಬೇರೆ ಯಾವ ಅವಧಿಯೂ ತೋರಿಸುವುದಿಲ್ಲ.

2008ರ ಜೂನ್‌ನಲ್ಲಿ ಎನ್ವಿಡಿಯಾ ಜಿಟಿಎಕ್ಸ್ 280 ಕಾರ್ಡನ್ನು 649 ಡಾಲರ್‌ಗೆ ಬಿಡುಗಡೆ ಮಾಡಿತು. ಅದರ ಚಿಪ್ ಸುಮಾರು 576 ಚದರ ಮಿಲಿಮೀಟರ್ ವಿಸ್ತಾರದ್ದು, ಆ ಕಾಲಕ್ಕೆ ದೈತ್ಯ. ಎಎಮ್‌ಡಿಯ ಮುಂದಿನ ಚಿಪ್‌ನಲ್ಲಿ 480 ಲೆಕ್ಕದ ಘಟಕಗಳಿವೆ ಎಂಬ ವದಂತಿ ಆಗ ವ್ಯಾಪಕವಾಗಿತ್ತು. ಹಿಂದಿನ ಚಿಪ್‌ನಲ್ಲಿ 320 ಇದ್ದುದರಿಂದ ಒಂದೂವರೆ ಪಟ್ಟು ಎಂಬ ಊಹೆ ಎಲ್ಲರಿಗೂ ಒಪ್ಪಿಗೆಯಾಗುವಂತಿತ್ತು. ಆದರೆ ಅದೇ ತಿಂಗಳು ಹೊರಬಂದ ರೇಡಿಯಾನ್ ಎಚ್‌ಡಿ 4870ರಲ್ಲಿ 800 ಘಟಕಗಳಿದ್ದವು. ಅದರ ಚಿಪ್ ಎದುರಾಳಿಯ ಅರ್ಧಕ್ಕಿಂತ ಚಿಕ್ಕದು, ಬೆಲೆ 299 ಡಾಲರ್. 480 ಎಂಬ ಸಂಖ್ಯೆಯನ್ನು ನಂಬಿ ಬೆಲೆ ಕಟ್ಟಿದವರಿಗೆ ಇದು ಆಘಾತ. ವಾರಗಳೊಳಗೆ ಜಿಟಿಎಕ್ಸ್ 280ರ ಬೆಲೆ 499 ಡಾಲರ್‌ಗೆ ಇಳಿಯಿತು. ಮೊದಲ ವಾರಗಳಲ್ಲೇ 649 ತೆತ್ತ ಗ್ರಾಹಕರು 150 ಡಾಲರ್ ಕಳೆದುಕೊಂಡಂತಾಯಿತು.

ಮರುವರ್ಷ ಎಎಮ್‌ಡಿ ಗುಟ್ಟನ್ನು ಇನ್ನಷ್ಟು ಬಿಗಿಗೊಳಿಸಿತು. ಒಂದೇ ಕಾರ್ಡಿನಿಂದ ಹಲವು ಪರದೆಗಳನ್ನು ನಡೆಸುವ ಐಫಿನಿಟಿ ಸೌಲಭ್ಯದ ವಿಷಯ ಸಂಸ್ಥೆಯೊಳಗೇ ಆಯ್ದ ಕೆಲವರಿಗೆ ಮಾತ್ರ ತಿಳಿದಿತ್ತು. 2009ರ ಸೆಪ್ಟೆಂಬರ್ 23ರಂದು ಎಚ್‌ಡಿ 5870 ಬಿಡುಗಡೆಯಾಯಿತು: 1600 ಘಟಕಗಳು, 215 ಕೋಟಿ ಟ್ರಾನ್ಸಿಸ್ಟರ್‌ಗಳು, 379 ಡಾಲರ್. ಅಕ್ಟೋಬರ್ 22ಕ್ಕೆ ವಿಂಡೋಸ್ 7 ಬರಲಿತ್ತು, ಅದರೊಂದಿಗೆ ಡೈರೆಕ್ಟ್‌ಎಕ್ಸ್ 11. ಅದಕ್ಕೆ ಒಗ್ಗುವ ಕಾರ್ಡ್ ಎನ್ವಿಡಿಯಾದ ಬಳಿ ಇರಲಿಲ್ಲ.

ಒಂದು ವಾರದ ಬಳಿಕ, ಸೆಪ್ಟೆಂಬರ್ 30ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಡೆದ ಸಮ್ಮೇಳನದಲ್ಲಿ ಎನ್ವಿಡಿಯಾ ಮುಖ್ಯಸ್ಥ ಜೆನ್ಸೆನ್ ಹುವಾಂಗ್ ಫರ್ಮಿ ಎಂಬ ಹೊಸ ವಿನ್ಯಾಸವನ್ನು ಪ್ರಕಟಿಸಿ, ಒಂದು ಕಾರ್ಡನ್ನು ಕೈಯಲ್ಲಿ ಎತ್ತಿ ತೋರಿಸಿದರು. 300 ಕೋಟಿ ಟ್ರಾನ್ಸಿಸ್ಟರ್‌ಗಳು, 512 ಘಟಕಗಳು ಎಂಬ ಅಂಕಿಗಳು ಜೊತೆಗಿದ್ದವು. ಆದರೆ ಆ ಕಾರ್ಡಿನ ಛಾಯಾಚಿತ್ರಗಳನ್ನು ಹಿಗ್ಗಿಸಿ ನೋಡಿದ ಸೆಮಿಆಕ್ಯುರೇಟ್ ತಾಣ, ಅದರ ಹಿಂಬದಿಗೆ ಮರಗೆಲಸದ ತಿರುಪುಗಳನ್ನು ಬಿಗಿಯಲಾಗಿದೆ, ಫಲಕದ ತುದಿ ಕತ್ತರಿಸಿದಂತಿದೆ ಎಂದು ಬರೆಯಿತು. ಕೈಯಲ್ಲಿದ್ದದ್ದು ಪ್ರದರ್ಶನಕ್ಕೆಂದು ಮಾಡಿದ ಮಾದರಿ ಎಂದು ಎನ್ವಿಡಿಯಾ ಒಪ್ಪಿಕೊಳ್ಳಬೇಕಾಯಿತು. ತಂತ್ರಜ್ಞಾನ ವಲಯದಲ್ಲಿ ಮರದ ತಿರುಪು ಇಂದಿಗೂ ಹಾಸ್ಯದ ವಸ್ತು. ಆದರೆ ಬೊಂಬೆಯನ್ನಾದರೂ ತೋರಿಸುವ ಅಗತ್ಯ ಏಕೆ ಬಂತು ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ. ಗ್ರಾಹಕ ಎಚ್‌ಡಿ 5870ನ್ನು ಕೊಳ್ಳದೆ ಕಾಯಬೇಕಿತ್ತು. ಕಾಯಲು ಅವನಿಗೊಂದು ಚಿತ್ರ ಬೇಕಿತ್ತು.

ಕಾಯುವಿಕೆ ಆರು ತಿಂಗಳಾಯಿತು. ಟಿಎಸ್‌ಎಮ್‌ಸಿಯ 40 ನ್ಯಾನೋಮೀಟರ್ ತಯಾರಿಕೆಯಲ್ಲಿ ತೊಡಕುಗಳಿದ್ದವು. ಚಿಪ್ ದೊಡ್ಡದಾದಷ್ಟೂ ಅದರಲ್ಲಿ ದೋಷ ಸೇರುವ ಸಂಭವ ಹೆಚ್ಚು. ಫರ್ಮಿಯ ಚಿಪ್ 500 ಚದರ ಮಿಲಿಮೀಟರನ್ನು ಮೀರಿತ್ತು. 2010ರ ಮಾರ್ಚ್ 26ರಂದು ಜಿಟಿಎಕ್ಸ್ 480 ಪ್ರಕಟವಾದಾಗ ಅದರಲ್ಲಿ ಚಾಲೂ ಇದ್ದದ್ದು 512ರಲ್ಲಿ 480 ಘಟಕಗಳು ಮಾತ್ರ. ವೇಗದಲ್ಲಿ ಅದು ಎಚ್‌ಡಿ 5870ನ್ನು ಹಿಂದಿಕ್ಕಿತಾದರೂ 499 ಡಾಲರ್ ಬೆಲೆ, 250 ವಾಟ್ ವಿದ್ಯುತ್ ಮತ್ತು ಅಡುಗೆಮನೆಯ ಹೋಲಿಕೆಗಳಿಗೆ ಎಡೆಮಾಡಿಕೊಟ್ಟ ಶಾಖವನ್ನು ಜೊತೆಗೆ ತಂದಿತು. 512 ಘಟಕಗಳ ಪೂರ್ಣರೂಪ ಜಿಟಿಎಕ್ಸ್ 580 ಆಗಿ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಈ ನಡುವಿನ ತಿಂಗಳುಗಳಲ್ಲಿ ಎಚ್‌ಡಿ 5870ಕ್ಕೆ ಎದುರಾಳಿ ಇಲ್ಲದೆ, ಪೂರೈಕೆಯೂ ಸಾಲದೆ, ಅದರ ಬೆಲೆ ಇಳಿಯುವ ಬದಲು ಏರಿತು. ಕಾದವರಿಗೂ ಲಾಭವಾಗಲಿಲ್ಲ, ತಡವಾಗಿ ಕೊಂಡವರಿಗೂ ಆಗಲಿಲ್ಲ.

ಎಎಮ್‌ಡಿಯೂ ಇಂಥ ತಪ್ಪಿನಿಂದ ಹೊರತಲ್ಲ. 2017ರ ಜನವರಿಯಲ್ಲಿ ತನ್ನ ವೇಗಾ ಚಿಪ್‌ನ ಮುನ್ನೋಟದ ವಿಡಿಯೋದಲ್ಲಿ ಎನ್ವಿಡಿಯಾದ ಮುಂದಿನ ವಿನ್ಯಾಸ ವೋಲ್ಟಾವನ್ನು ಪಾಪ ಎಂದು ಅಣಕಿಸಿತು. ಆಗಸ್ಟ್‌ನಲ್ಲಿ 499 ಡಾಲರ್‌ಗೆ ಬಂದ ಆರ್‌ಎಕ್ಸ್ ವೇಗಾ 64, ಹದಿನೈದು ತಿಂಗಳು ಹಳೆಯದಾಗಿದ್ದ ಜಿಟಿಎಕ್ಸ್ 1080ರ ಆಸುಪಾಸಿನಲ್ಲಿ ನಿಂತಿತು. ಆಟಗಾರರ ಜೀಫೋರ್ಸ್ ಸಾಲಿನಲ್ಲಿ ವೋಲ್ಟಾ ಬರಲೇ ಇಲ್ಲ. ಅಣಕಿಸಿದವರು, ಅಣಕಕ್ಕೊಳಗಾದವರು ಮುಖಾಮುಖಿಯೇ ಆಗಲಿಲ್ಲ.

ನಿಜವಾಗಿದ್ದೂ ದಾರಿತಪ್ಪಿಸಿದ ಅಂಕಿಗಳು

ಸೋರಿದ ಅಂಕಿ ಸುಳ್ಳಾಗಿರುವುದಕ್ಕಿಂತ, ನಿಜವಾಗಿದ್ದೂ ತಪ್ಪು ಅರ್ಥ ಕೊಡುವುದು ಹೆಚ್ಚು. 2020ರಲ್ಲಿ ಆರ್‌ಟಿಎಕ್ಸ್ 3080ರಲ್ಲಿ 4352 ಘಟಕಗಳು, 3090ರಲ್ಲಿ 5248 ಘಟಕಗಳು ಎಂಬ ಸೋರಿಕೆ ತಿಂಗಳುಗಳ ಕಾಲ ಹರಿದಾಡಿತು. ಸೆಪ್ಟೆಂಬರ್ 1ರಂದು ಎನ್ವಿಡಿಯಾ ಪ್ರಕಟಿಸಿದ ಅಂಕಿಗಳು 8704 ಮತ್ತು 10496, ಅಂದರೆ ಸರಿಯಾಗಿ ಎರಡು ಪಟ್ಟು. ಸೋರಿಕೆದಾರರು ಎಣಿಸಿದ್ದು ಹಳೆಯ ಲೆಕ್ಕದಲ್ಲಿ ಸರಿಯೇ ಇತ್ತು. ಹಿಂದಿನ ತಲೆಮಾರಿನಲ್ಲಿ ಪೂರ್ಣಾಂಕಗಳ ಲೆಕ್ಕಕ್ಕೆ ಮೀಸಲಾಗಿದ್ದ ದಾರಿ ಹೊಸ ಚಿಪ್‌ನಲ್ಲಿ ದಶಮಾಂಶದ ಲೆಕ್ಕವನ್ನೂ ಮಾಡಬಲ್ಲದಾದ್ದರಿಂದ ಎನ್ವಿಡಿಯಾ ಎಣಿಸುವ ಕ್ರಮವೇ ಬದಲಾಗಿತ್ತು. ಸಂಖ್ಯೆ ಎರಡು ಪಟ್ಟಾದರೂ ಆಟಗಳಲ್ಲಿ ವೇಗ ಎರಡು ಪಟ್ಟಾಗಲಿಲ್ಲ ಎಂಬುದೂ ಇದರಿಂದಲೇ ಅರ್ಥವಾಗುತ್ತದೆ.

ಅದೇ ವರ್ಷ ಎಎಮ್‌ಡಿಯ ದೊಡ್ಡ ಚಿಪ್‌ಗೆ 256 ಬಿಟ್‌ನ ಮೆಮೊರಿ ಬಸ್ ಇದೆ ಎಂಬ ಸೋರಿಕೆ ಬಂದಾಗ ಅನೇಕರು ನಂಬಲಿಲ್ಲ. ಅಷ್ಟು ಕಿರಿದಾದ ದಾರಿಯಲ್ಲಿ ಅಷ್ಟು ದೊಡ್ಡ ಚಿಪ್‌ಗೆ ದತ್ತಾಂಶ ಸಾಲದು ಎಂಬ ಅವರ ವಾದ ತರ್ಕಬದ್ಧವಾಗಿಯೇ ಇತ್ತು. ಅಕ್ಟೋಬರ್ 28ರಂದು ಆರ್‌ಎಕ್ಸ್ 6800 ಎಕ್ಸ್‌ಟಿ ಪ್ರಕಟವಾದಾಗ ಬಸ್ 256 ಬಿಟ್‌ನದ್ದೇ ಆಗಿತ್ತು. ಚಿಪ್‌ನೊಳಗೇ ಇಟ್ಟ 128 ಮೆಗಾಬೈಟ್‌ನ ಇನ್ಫಿನಿಟಿ ಕ್ಯಾಶ್ ಕೊರತೆಯನ್ನು ತುಂಬಿತ್ತು. ಚಿಪ್‌ನ ಒಂದು ಅಂಕಿ ತಿಳಿದು ಇನ್ನೊಂದು ತಿಳಿಯದಿದ್ದಾಗ ತರ್ಕವೂ ಕೈಕೊಡುತ್ತದೆ. 2022ರಲ್ಲಿ ಆರ್‌ಟಿಎಕ್ಸ್ 40 ಸರಣಿಯ ಅಗ್ರ ಕಾರ್ಡ್ 600 ವಾಟ್ ನುಂಗುತ್ತದೆ ಎಂದು ಹಬ್ಬಿದ ಸುದ್ದಿಯೂ ಹೀಗೆಯೇ. ಆರ್‌ಟಿಎಕ್ಸ್ 4090ರ ಅಧಿಕೃತ ಮಿತಿ 450 ವಾಟ್ ಆಗಿತ್ತು.

ಇನ್ನೊಂದು ಕಡೆ, ಗ್ರಾಹಕರನ್ನು ನಿಜವಾಗಿ ಕಾಡಿದ ಸಂಗತಿಗಳು ವದಂತಿಗಳಲ್ಲಿ ಇರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೆಲವು 4090 ಕಾರ್ಡ್‌ಗಳ ವಿದ್ಯುತ್ ಕನೆಕ್ಟರ್ ಕರಗಿದ ಪ್ರಕರಣಗಳು ಬೆಳಕಿಗೆ ಬಂದವು. 2025ರ ಫೆಬ್ರವರಿಯಲ್ಲಿ ಆರ್‌ಟಿಎಕ್ಸ್ 50 ಸರಣಿಯ ಶೇ. 0.5ರಷ್ಟು ಕಾರ್ಡ್‌ಗಳಲ್ಲಿ ಚಿತ್ರವನ್ನು ಅಂತಿಮವಾಗಿ ಬರೆಯುವ ಕೆಲವು ಘಟಕಗಳೇ ಕಾಣೆಯಾಗಿದ್ದುದನ್ನು ಎನ್ವಿಡಿಯಾ ಒಪ್ಪಿಕೊಂಡಿತು. ಎರಡೂ ಹೊರಬಂದದ್ದು ಕಾರ್ಡ್ ಕೊಂಡವರ ಮನೆಗಳಿಂದ.

ಬೆಲೆ, ಹೆಸರು ಮತ್ತು ಕೊನೆಯ ಗಳಿಗೆಯ ಬದಲಾವಣೆ

ಎದುರಾಳಿಯ ನಡೆಯನ್ನು ನೋಡಿ ಬೆಲೆ ಬದಲಿಸುವುದನ್ನು ತಯಾರಕರು ಬಹಿರಂಗವಾಗಿ ಒಪ್ಪಿಕೊಳ್ಳುವುದು ಅಪರೂಪ. 2019ರ ಜುಲೈ ಇದಕ್ಕೆ ಹೊರತು. ಎಎಮ್‌ಡಿ ತನ್ನ ಆರ್‌ಎಕ್ಸ್ 5700 ಎಕ್ಸ್‌ಟಿಗೆ 449 ಡಾಲರ್ ಎಂದು ಜೂನ್‌ನಲ್ಲಿ ಸಾರಿತ್ತು. ಎನ್ವಿಡಿಯಾ ಅದಕ್ಕುತ್ತರವಾಗಿ ಸೂಪರ್ ಹೆಸರಿನ ಕಾರ್ಡ್‌ಗಳನ್ನು ತಂದ ಕೂಡಲೇ, ಮಾರಾಟ ಆರಂಭವಾಗುವ ಮುನ್ನವೇ ಎಎಮ್‌ಡಿ ಬೆಲೆಯನ್ನು 399ಕ್ಕೆ ಇಳಿಸಿತು. ಎದುರಾಳಿಗೆ ಗಾಳ ಹಾಕಿ ಸಿಕ್ಕಿಸಿದೆವು ಎಂಬರ್ಥದ ಒಂದೇ ಪದವನ್ನು ರೇಡಿಯಾನ್ ವಿಭಾಗದ ಹಿರಿಯ ಅಧಿಕಾರಿ ಸ್ಕಾಟ್ ಹರ್ಕೆಲ್ಮನ್ ಟ್ವೀಟ್ ಮಾಡಿದರು. ಮೊದಲೇ ಹೂಡಿದ ತಂತ್ರವೇ, ಅನಿವಾರ್ಯವಾದ ಇಳಿಕೆಗೆ ಹೊದಿಸಿದ ಜಂಬವೇ ಎಂಬ ಚರ್ಚೆ ಮುಗಿದಿಲ್ಲ. ಏನೇ ಇದ್ದರೂ ಗ್ರಾಹಕನಿಗೆ 50 ಡಾಲರ್ ಉಳಿಯಿತು.

ಹೆಸರೂ ಬೆಲೆಯ ಇನ್ನೊಂದು ಮುಖವೇ. 2022ರ ಸೆಪ್ಟೆಂಬರ್‌ನಲ್ಲಿ ಎನ್ವಿಡಿಯಾ ಆರ್‌ಟಿಎಕ್ಸ್ 4080 ಎಂಬ ಒಂದೇ ಹೆಸರಿನಡಿ 16 ಗಿಗಾಬೈಟ್‌ನ ಮತ್ತು 12 ಗಿಗಾಬೈಟ್‌ನ ಎರಡು ಕಾರ್ಡ್‌ಗಳನ್ನು ಪ್ರಕಟಿಸಿತು. ಎರಡರ ಚಿಪ್‌ಗಳೇ ಬೇರೆ ಬೇರೆ. ಚಿಕ್ಕ ಚಿಪ್‌ನ ಕಾರ್ಡಿಗೆ 899 ಡಾಲರ್ ಇಟ್ಟಿದ್ದಕ್ಕೆ ಟೀಕೆ ಬಲವಾದಾಗ ಅಕ್ಟೋಬರ್ 14ರಂದು ಅದನ್ನು ಹಿಂತೆಗೆದುಕೊಂಡಿತು. 2023ರ ಜನವರಿಯಲ್ಲಿ ಅದೇ ಚಿಪ್‌ನ ಕಾರ್ಡ್ ಆರ್‌ಟಿಎಕ್ಸ್ 4070 ಟಿಐ ಎಂಬ ಹೆಸರಿನಲ್ಲಿ 799 ಡಾಲರ್‌ಗೆ ಮರಳಿತು.

2025ರ ಆರಂಭದಲ್ಲಿ ನಡೆದದ್ದು ಕಾದು ನೋಡುವ ಆಟ. ಅದಕ್ಕೂ ಮುನ್ನ, 2024ರ ಸೆಪ್ಟೆಂಬರ್‌ನಲ್ಲಿ, ಅತ್ಯುನ್ನತ ದರ್ಜೆಯ ಕಾರ್ಡ್‌ಗಳ ಬೆನ್ನು ಹತ್ತುವುದಕ್ಕಿಂತ ಮಾರುಕಟ್ಟೆಯ ಪಾಲನ್ನು ಹೆಚ್ಚಿಸಿಕೊಳ್ಳುವುದು ತಮ್ಮ ಗುರಿ ಎಂದು ಎಎಮ್‌ಡಿಯ ಜ್ಯಾಕ್ ಹ್ಯೂನ್ ಹೇಳಿದ್ದರು. ಮುಂದಿನ ಕಾರ್ಡಿಗೆ ಆರ್‌ಎಕ್ಸ್ 8800 ಎಕ್ಸ್‌ಟಿ ಎಂಬ ಹೆಸರು ಬರುತ್ತದೆಂದು ವದಂತಿಗಳು ನಂಬಿದ್ದವು. ಎಎಮ್‌ಡಿ ಆರಿಸಿಕೊಂಡ ಹೆಸರು 9070 ಎಕ್ಸ್‌ಟಿ; ಎನ್ವಿಡಿಯಾದ 5070ರ ಪಕ್ಕದಲ್ಲಿಟ್ಟು ಹೋಲಿಸಲು ಅನುವಾಗುವ ಹೆಸರು. ಜನವರಿ 6ರ ಸಿಇಎಸ್ ಭಾಷಣದಲ್ಲಿ ಎಎಮ್‌ಡಿ ಈ ಕಾರ್ಡಿನ ವಿಷಯವನ್ನೇ ಎತ್ತಲಿಲ್ಲ. ಅದೇ ದಿನ ಎನ್ವಿಡಿಯಾ 5090ಕ್ಕೆ 1,999, 5070 ಟಿಐಗೆ 749, 5070ಕ್ಕೆ 549 ಡಾಲರ್ ಎಂದು ಸಾರಿತು.

ನಂತರದ ಏಳು ವಾರಗಳು ವದಂತಿಗಳ ಸುಗ್ಗಿ. ಎಎಮ್‌ಡಿಯ ಕಾರ್ಡ್‌ಗಳು ಅಂಗಡಿಗಳ ದಾಸ್ತಾನಿಗೆ ಬಂದು ಕೂತಿದ್ದರೂ ಬೆಲೆ ಯಾರಿಗೂ ತಿಳಿದಿರಲಿಲ್ಲ. 899 ಡಾಲರ್ ಎಂಬ ಸುದ್ದಿ ಹಬ್ಬಿದಾಗ, ಅದು ಎಂದೂ ತಮ್ಮ ಯೋಜನೆಯಲ್ಲಿ ಇರಲಿಲ್ಲವೆಂದು ಎಎಮ್‌ಡಿಯ ಫ್ರ್ಯಾಂಕ್ ಏಜರ್ ಬಹಿರಂಗವಾಗಿ ಅಲ್ಲಗಳೆದರು. ಫೆಬ್ರವರಿ 28ರಂದು ಬೆಲೆ ಹೊರಬಿತ್ತು: 9070 ಎಕ್ಸ್‌ಟಿಗೆ 599 ಡಾಲರ್, 9070ಕ್ಕೆ 549 ಡಾಲರ್. ಮಾರ್ಚ್ 6ರಂದು ಮಾರಾಟ ಆರಂಭವಾಯಿತು. 5070 ಟಿಐಗೆ ಸಮೀಪದ ಸಾಮರ್ಥ್ಯವನ್ನು 150 ಡಾಲರ್ ಕಡಿಮೆಗೆ ಕೊಡುವ ಕಾರ್ಡ್ ಎಂದು ವಿಮರ್ಶಕರು ಅದನ್ನು ಸ್ವಾಗತಿಸಿದರು. ಆದರೆ ಮೊದಲ ದಾಸ್ತಾನು ತೀರಿದ ಮೇಲೆ ಹಲವೆಡೆ ಎರಡೂ ಸಂಸ್ಥೆಗಳ ಕಾರ್ಡ್‌ಗಳು ಸಾರಿದ ಬೆಲೆಗಿಂತ ಹೆಚ್ಚಿಗೆ ಮಾರಾಟವಾದವು. ಗ್ರಾಫಿಕ್ಸ್ ಕಾರ್ಡ್‌ಗಳ ವಿಷಯದಲ್ಲಿ, ಅಧಿಕೃತ ಬೆಲೆಯೂ ಒಂದು ಬಗೆಯ ವದಂತಿಯೇ ಎನ್ನುವಂತಾಯಿತು.

ಸ್ವತಂತ್ರ ವಿಮರ್ಶೆಯ ಪಾತ್ರ

ವದಂತಿಗೆ ತೆರೆ ಎಳೆಯುವುದು ಸ್ವತಂತ್ರ ಪರೀಕ್ಷೆ. ತಯಾರಕರು ಕಾರ್ಡ್ ಮತ್ತು ಡ್ರೈವರನ್ನು ವಿಮರ್ಶಕರಿಗೆ ಮುಂಚಿತವಾಗಿ ಕೊಟ್ಟು, ನಿಗದಿತ ದಿನದವರೆಗೆ ಫಲಿತಾಂಶ ಪ್ರಕಟಿಸದಂತೆ ಒಪ್ಪಂದ ಮಾಡಿಕೊಳ್ಳುವುದು ರೂಢಿ. 2025ರ ಮೇ ತಿಂಗಳಲ್ಲಿ ಆರ್‌ಟಿಎಕ್ಸ್ 5060 ಮಾರಾಟಕ್ಕೆ ಬಂದಾಗ ಈ ರೂಢಿ ಮುರಿಯಿತು. ಹೆಚ್ಚಿನ ವಿಮರ್ಶಕರಿಗೆ ಡ್ರೈವರ್ ಮುಂಚಿತವಾಗಿ ಸಿಗಲಿಲ್ಲ. ಆಯ್ದ ಕೆಲವರು ಸಂಸ್ಥೆಯ ಷರತ್ತುಗಳಿಗೆ ಒಳಪಟ್ಟು ಮುನ್ನೋಟಗಳನ್ನು ಪ್ರಕಟಿಸಿದರು. ಮೊದಲ ದಿನ ಕೊಂಡವರು ತಯಾರಕರ ಮಾತು ಮತ್ತು ವದಂತಿಗಳನ್ನಷ್ಟೇ ನೆಚ್ಚಿ ಕೊಳ್ಳಬೇಕಾಯಿತು.

ತಯಾರಕರ ಅಂಕಿಗಳನ್ನೂ ಅಳೆದು ನೋಡಬೇಕಾದ ಅಗತ್ಯ ಇದಕ್ಕೂ ಮೊದಲೇ ಎದ್ದುಕಂಡಿತ್ತು. 549 ಡಾಲರ್‌ಗೆ 4090ರ ಸಾಮರ್ಥ್ಯ ಎಂದು ಹುವಾಂಗ್ ಆರ್‌ಟಿಎಕ್ಸ್ 5070ನ್ನು ಪರಿಚಯಿಸಿದ್ದರು. ಚಿಪ್ ಲೆಕ್ಕ ಹಾಕಿದ ಒಂದು ಫ್ರೇಮ್‌ನ ಜೊತೆಗೆ ಕೃತಕ ಬುದ್ಧಿಮತ್ತೆಯಿಂದ ಮೂರು ಫ್ರೇಮ್‌ಗಳವರೆಗೆ ಸೃಷ್ಟಿಸಿ ಸೇರಿಸುವ ಡಿಎಲ್‌ಎಸ್‌ಎಸ್ 4 ಸೌಲಭ್ಯವನ್ನು ಎಣಿಸಿದರೆ ಮಾತ್ರ ಆ ಹೋಲಿಕೆ ನಿಲ್ಲುತ್ತಿತ್ತು. ಅದನ್ನು ಬಿಟ್ಟು ಅಳೆದವರಿಗೆ 5070, 4090ಕ್ಕಿಂತ ಬಹಳ ಹಿಂದೆ ಇರುವುದು ಕಂಡಿತು.

ಭಾರತದ ಗ್ರಾಹಕರ ಮಟ್ಟಿಗೆ

ಅಮೆರಿಕದ ಡಾಲರ್ ಬೆಲೆಯ ಸುತ್ತ ಹಬ್ಬುವ ವದಂತಿಗಳನ್ನು ರೂಪಾಯಿಗೆ ನೇರವಾಗಿ ಪರಿವರ್ತಿಸುವುದು ಸಾಮಾನ್ಯವಾದ ತಪ್ಪು. ಅಮೆರಿಕದ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ, ಭಾರತದಲ್ಲಿ ಶೇ. 18ರ ಜಿಎಸ್‌ಟಿ ಬೆಲೆಯೊಳಗೇ ಇರುತ್ತದೆ. ಆರ್‌ಟಿಎಕ್ಸ್ 5070ಕ್ಕೆ ಎನ್ವಿಡಿಯಾ ಭಾರತದಲ್ಲಿ ಸಾರಿದ ಆರಂಭಿಕ ಬೆಲೆ ₹59,000, 5090ಕ್ಕೆ ₹2,14,000. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಗಳಲ್ಲಿ ಕೊಳ್ಳುವ ವಿದ್ಯಾರ್ಥಿಗೆ ಮೊದಲನೆಯದೇ ಒಂದು ಸಾಧಾರಣ ಕಂಪ್ಯೂಟರಿನಷ್ಟು ಬೆಲೆ. ಹೊಸ ಕಾರ್ಡ್ ಬರುತ್ತದೆಂಬ ಸುದ್ದಿಗೆ ಹಳೆಯ ದಾಸ್ತಾನಿನ ಬೆಲೆ ಇಳಿಯುವುದುಂಟು. 2021ರಲ್ಲಿ ಕ್ರಿಪ್ಟೋ ಗಣಿಗಾರಿಕೆ ಮತ್ತು ಚಿಪ್ ಕೊರತೆ ಒಟ್ಟಾಗಿ ಬಂದಾಗ ಕಾದವರಿಗೆ ಬೆಲೆ ಏರುತ್ತಲೇ ಹೋದದ್ದೂ ಉಂಟು.

ಕುಗ್ಗುತ್ತಿರುವ ಪೈಪೋಟಿ

ವದಂತಿಗಳ ಅಬ್ಬರ ಹೆಚ್ಚಿದರೂ ಪೈಪೋಟಿಯ ತಳ ಸವೆಯುತ್ತಿದೆ. 2025ರಲ್ಲಿ ಬಿಡಿ ಗ್ರಾಫಿಕ್ಸ್ ಕಾರ್ಡ್‌ಗಳ ಪೂರೈಕೆಯಲ್ಲಿ ಎನ್ವಿಡಿಯಾದ ಪಾಲು ಶೇ. 90ನ್ನು ಮೀರಿತ್ತು. ಅದೇ ಹೊತ್ತಿಗೆ ಎನ್ವಿಡಿಯಾಕ್ಕೆ ಈ ಮಾರುಕಟ್ಟೆಯ ಮಹತ್ವ ಕುಗ್ಗಿದೆ. 2020ರ ಜನವರಿಗೆ ಮುಗಿದ ಆರ್ಥಿಕ ವರ್ಷದಲ್ಲಿ ಅದರ ಸುಮಾರು 1,090 ಕೋಟಿ ಡಾಲರ್ ವರಮಾನದಲ್ಲಿ ಅರ್ಧದಷ್ಟು ಗೇಮಿಂಗ್ ವಿಭಾಗದಿಂದ ಬಂದಿತ್ತು. 2025ರ ಜನವರಿಗೆ ಮುಗಿದ ವರ್ಷದಲ್ಲಿ ಒಟ್ಟು ವರಮಾನ 13,050 ಕೋಟಿ ಡಾಲರ್, ಅದರಲ್ಲಿ ಗೇಮಿಂಗ್ ಪಾಲು ಸುಮಾರು 1,140 ಕೋಟಿ. ಉಳಿದದ್ದರಲ್ಲಿ ಬಹುಪಾಲು ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಮಾರಿದ ಚಿಪ್‌ಗಳದ್ದು. 2008ರಲ್ಲಿ ಎದುರಾಳಿಯ 299 ಡಾಲರ್ ಕಾರ್ಡ್ ಎನ್ವಿಡಿಯಾದ ಬೆಲೆಯನ್ನು ವಾರಗಳಲ್ಲಿ ಇಳಿಸಿತ್ತು. ಅಂಥ ಒತ್ತಡಕ್ಕೆ ಇಂದು ಹಿಂದಿನ ಬಲವಿಲ್ಲ.

ಮೂರನೆಯ ಸ್ಪರ್ಧಿಯಾಗಿ ಬಂದ ಇಂಟೆಲ್, 2022ರ ಅಕ್ಟೋಬರ್‌ನಲ್ಲಿ ಆರ್ಕ್ ಎ770 ಮತ್ತು 2024ರ ಡಿಸೆಂಬರ್‌ನಲ್ಲಿ 249 ಡಾಲರ್‌ನ ಬಿ580 ಕಾರ್ಡ್‌ಗಳನ್ನು ತಂದಿತು. ಎರಡನೆಯದಕ್ಕೆ ಒಳ್ಳೆಯ ಮಾತುಗಳು ಬಂದವು. ಆರ್ಕ್ ವಿಭಾಗವನ್ನೇ ಮುಚ್ಚಲಾಗುತ್ತದೆ ಎಂಬ ವದಂತಿ 2022ರಿಂದಲೂ ಅದನ್ನು ಹಿಂಬಾಲಿಸುತ್ತಿದೆ. ಇಂಟೆಲ್ ಅದನ್ನು ಅಲ್ಲಗಳೆದಿದೆ. 2025ರ ಸೆಪ್ಟೆಂಬರ್‌ನಲ್ಲಿ ಎನ್ವಿಡಿಯಾ ಇಂಟೆಲ್‌ನಲ್ಲಿ 500 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿ, ತನ್ನ ಗ್ರಾಫಿಕ್ಸ್ ಭಾಗವನ್ನು ಒಳಗೊಂಡ ಇಂಟೆಲ್ ಪ್ರೊಸೆಸರ್‌ಗಳ ಯೋಜನೆಯನ್ನು ಮುಂದಿಟ್ಟಿತು. ಎದುರಾಳಿಗಳಲ್ಲಿ ಒಬ್ಬರು ಪಾಲುದಾರರಾದ ಬಳಿಕ ಆರ್ಕ್‌ನ ಭವಿಷ್ಯದ ಪ್ರಶ್ನೆ ಮತ್ತೆ ಎದ್ದಿತು.

ಅದೇ ವರ್ಷದ ದೊಡ್ಡ ವದಂತಿ ಆರ್‌ಟಿಎಕ್ಸ್ 50 ಸೂಪರ್ ಕಾರ್ಡ್‌ಗಳದ್ದು. 5080ರ ಸೂಪರ್ ರೂಪದಲ್ಲಿ 24 ಗಿಗಾಬೈಟ್, 5070ರದ್ದರಲ್ಲಿ 18 ಗಿಗಾಬೈಟ್ ಮೆಮೊರಿ ಇರುತ್ತದೆ ಎಂಬುದು ಅದರ ತಿರುಳು. ಈ ಅಂಕಿಗಳನ್ನು ಯಾರೂ ಕದಿಯಬೇಕಾಗಿರಲಿಲ್ಲ. 5080ರ ಬಸ್ 256 ಬಿಟ್‌ನದು. ಒಂದೊಂದು ಮೆಮೊರಿ ಚಿಪ್ 32 ಬಿಟ್ ಬಳಸುವುದರಿಂದ ಎಂಟು ಚಿಪ್‌ಗಳು ಬೇಕು. ತಲಾ 2 ಗಿಗಾಬೈಟ್ ಆದರೆ ಈಗಿನ 16, ತಲಾ 3 ಆದರೆ 24. 5070ರ ಬಸ್ 192 ಬಿಟ್‌ನದಾದ್ದರಿಂದ ಆರು ಚಿಪ್‌ಗಳು. ಅಲ್ಲಿಗೆ 12 ಅಥವಾ 18. 3 ಗಿಗಾಬೈಟ್‌ನ ಜಿಡಿಡಿಆರ್7 ಚಿಪ್‌ಗಳನ್ನು ಎನ್ವಿಡಿಯಾ ತನ್ನ 5090 ಲ್ಯಾಪ್‌ಟಾಪ್ ಮಾದರಿಯಲ್ಲಿ ಆಗಲೇ ಬಳಸುತ್ತಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ವರ್ಷದ ಕೊನೆಯ ತಿಂಗಳುಗಳಲ್ಲಿ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ತೀವ್ರವಾಗಿ ಏರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಸಂಸ್ಥೆ ಸಾಮಾನ್ಯ ಗ್ರಾಹಕರಿಗಾಗಿ ನಡೆಸುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನು ಕೈಬಿಡುವುದಾಗಿ ಪ್ರಕಟಿಸಿತು. ಸೂಪರ್ ಕಾರ್ಡ್‌ಗಳು ಯಾವಾಗ ಬರುತ್ತವೆ ಎಂದು ಹೇಳುತ್ತಿದ್ದ ವದಂತಿಗಳು, ಅವು ಬರುತ್ತವೆಯೇ ಎಂಬ ಪ್ರಶ್ನೆಗೆ ತಿರುಗಿದವು. 2025 ಮುಗಿಯುವವರೆಗೆ ಎನ್ವಿಡಿಯಾ ಅವುಗಳನ್ನು ಪ್ರಕಟಿಸಿರಲಿಲ್ಲ.